ಎಡಗಡೆ ಕಿಂಡಿ

ಬ್ಯಾರಲ್ಲು ಎತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ,
ಮಸಿ ಉಜ್ಜಿ ಟ್ಯೂಬ್‌ಲೈಟಿಗೆ ಹಿಡಿದಾಗ ಗೊತ್ತಾಯಿತು:
ಹೊಗೆ ಹೋಗುವ ಎರಡು ಕಿಂಡಿಗಳಲ್ಲಿ
ಎಡಗಡೆಯದು ಒಂದು ಕೂದಲೆಳೆ ಎತ್ತರ.
ಕೂದಲೆಳೆಯಲ್ಲ, ಅರ್ಧ ಮಿಲಿಮೀಟರು.
ಅರದ ಗೀರು ಓರೆಯಾಗಿ ಮೇಲಕ್ಕೆ ಜಾರಿದೆ.
ನನ್ನದೇ ಕೈ.

ತಂದವಳು ಮಂದಾರ, ಜಿಲ್ಲಾಸ್ಪತ್ರೆಯಲ್ಲಿ
ಡಯಾಲಿಸಿಸ್ ಮಿಷನ್ನು ನೋಡಿಕೊಳ್ಳುವವಳು.
ಗುಜರಿಯಲ್ಲಿ ಕೆಜಿ ಲೆಕ್ಕಕ್ಕೆ ಕೊಂಡಳಂತೆ;
ನಂಬರ್ ಪ್ಲೇಟಿಲ್ಲ, ಟ್ಯಾಂಕಿಗೆ ಯಾರೋ ಬಳಿದ ಬಾಗಿಲ ಪೇಂಟು.
“ಗುಡ್ಡ ಹತ್ತೋ ರೇಸಿದೆ ಲೋಕಣ್ಣ.
ನೋಡೋಕೆ ಚೆಂದ ಇದ್ರೆ ಸಾಲದು, ಓಡಬೇಕು.”

ಎಂಬತ್ತೇಳು. ಪೆನ್ಷನ್ ಮೊಹಲ್ಲಾದ ಇದೇ ಗಲ್ಲಿ.
ಗೌಸ್ ಉಸ್ತಾದರ ಶೆಡ್ಡಿಗೆ ಈ ಗಾಡಿ ತಂದಾತ ಜವರಯ್ಯ.
“ಹೆಸರಲ್ಲಿ ಜಾವಾ, ತೊಡೆ ಕೆಳಗೆ ಯಜ್ದಿ”
ಎಂದು ನಗುತ್ತಿದ್ದರು ಉಸ್ತಾದರು.
ಒಂದೇ ಪ್ರಿಂಟು, ಎರಡು ಪರದೆ:
ಹಾಸನದ ಟಾಕೀಸಿನಲ್ಲಿ ಬಿಚ್ಚಿದ ರೀಲು
ದುದ್ದದ ಟೆಂಟು ಮುಟ್ಟಬೇಕು
ಅಲ್ಲಿ ಹಿಂದಿನ ರೀಲು ಮುಗಿಯುವ ಮೊದಲು.
ತಡವಾದರೆ ಬರೀ ಬಿಳೀ ಪರದೆ, ಅದಕ್ಕೆ ಕಡಲೆಕಾಯಿ ಸಿಪ್ಪೆ,
ಬೈಗುಳವೆಲ್ಲ ಜವರಯ್ಯನ ತಾಯಿಗೆ.
“ಎರಡು ನಿಮಿಷ ಉಳಿಸ್ಕೊಡಿ ಸಾಬ್ರೇ” ಅಂದ.

ಎರಡು ನಿಮಿಷಕ್ಕಾಗಿ ಹನ್ನೊಂದು ದಿನ.
ಹೆಡ್ಡನ್ನು ಲೇತಿಗೆ ಕೊಟ್ಟು ಚೂರು ಸವೆಸಿದೆವು.
ತಂಗಿಯ ಜಾಮಿಟ್ರಿ ಬಾಕ್ಸಿನ ಕೋನಮಾಪಕ
ಮ್ಯಾಗ್ನೆಟ್ಟಿಗೆ ಅಂಟಿಸಿ ಡಿಗ್ರಿ ಎಣಿಸಿದೆವು.
ಬೀಡಿ ಕಟ್ಟಿನ ಕಾಗದ ಸಿಕ್ಕಿಸಿ ಪಾಯಿಂಟು ಕೂರಿಸಿದೆವು.
ಬ್ಯಾರಲ್ಲಿನೊಳಗೆ ಊದುಬತ್ತಿ ಹಿಡಿದು
ಹೊಗೆ ಯಾವ ದಾರಿ ಹುಡುಕುತ್ತದೆಂದು ನೋಡುತ್ತ ಕೂತೆವು.
ಕಿಂಡಿ ಎತ್ತುವ ಕೆಲಸ ನನ್ನ ಪಾಲಿಗೆ.
“ಎರಡೂ ಕಡೆ ಒಂದೊಂದು ಮಿಲಿ. ತೆಗೆದ ಕಬ್ಬಿಣ
ಮತ್ತೆ ಹಾಕೋಕಾಗಲ್ಲ ಬೇಟಾ. ಉಸಿರು ಹಿಡಿದು ಉಜ್ಜು.”
ನನಗೆ ಹತ್ತೊಂಬತ್ತು. ಬೀದಿಯಲ್ಲಿ ಯಾರೋ ಕರೆದರು.
ಉಸಿರು ಬಿಟ್ಟೆ.

ಗಾಡಿ ಕಿರುಚುತ್ತ ಹಾರಿತು, ದುದ್ದ ಹತ್ತಿರ ಬಂತು.
ಆದರೆ ಪೆಟ್ಟಿಗೆ ಹೇರಿಕೊಂಡು ಏರಿನಲ್ಲಿ ನಿಧಾನಿಸಿದರೆ
“ಕೆಳಗೆ ಎಳ್ಯಾಕಿಲ್ಲ ಕಣಪ್ಪ” ಎಂದು ವಾಪಸು ಬಂದ.
ಟೂ-ಸ್ಟ್ರೋಕಿನ ಲೆಕ್ಕ ಬಲು ನಿಷ್ಠುರ,
ಮೇಲೆ ಕೊಟ್ಟದ್ದನ್ನು ಕೆಳಗೆ ವಸೂಲು ಮಾಡುತ್ತದೆ.
“ಪೆಟ್ರೋಲು ಕಲಬೆರಕೆ” ಅಂದೆ ನಾನು.
ಉಸ್ತಾದರು ನನ್ನನ್ನೇ ನೋಡಿದರು. ಏನೂ ಅನ್ನದೆ
ಮುಂದಿನ ಸ್ಪ್ರಾಕೆಟ್ಟು ತೆಗೆದು
ಒಂದು ಹಲ್ಲು ಕಡಿಮೆಯದು ಹಾಕಿಕೊಟ್ಟರು.
ಅವನ ಎರಡು ನಿಮಿಷದಲ್ಲಿ ಒಂದನ್ನು
ಹೀಗೆ ನಾನು ತಿಂದೆ.

ಟಾಕೀಸಿದ್ದಲ್ಲಿ ಈಗ ಟೈಲ್ಸ್ ಅಂಗಡಿ.
ಉಸ್ತಾದರ ಅರ ನನ್ನ ಡಬ್ಬಿಯಲ್ಲಿದೆ,
ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು ಬಿರಿದುಹೋಗಿದೆ.
ಬೇರಿಂಗು, ಕಾನ್‌ರಾಡು, ಪಿಸ್ಟನ್ನು, ಮಿಕುನಿ ಕಾರ್ಬು,
ಎಲ್ಲ ಹೊಸದು ಕೂತಿತು. ಉಳಿದದ್ದು ಕಿಂಡಿ.
ಹೊಸ ಸ್ಲೀವು ಹಾಕಿದ್ದರೆ ಮುಚ್ಚಿಹೋಗುತ್ತಿತ್ತು.
ಹಾಕಲಿಲ್ಲ.
ಎಡಗಡೆಯದನ್ನು ಇಳಿಸಲಾಗದು,
ಬಲಗಡೆಯದನ್ನು ಅದರ ಮಟ್ಟಕ್ಕೆ ಏರಿಸಬಹುದು.
ಶಟರು ಅರ್ಧ ಎಳೆದು, ಕನ್ನಡಕ ಒರೆಸಿ,
ಉಸಿರು ಹಿಡಿದೆ.
ಮೂವತ್ತೇಳು ವರ್ಷದ ಬಾಕಿ
ಅಂಗೈಯಲ್ಲಿ ಒಂದು ಚಿಟಿಕೆ ಕಬ್ಬಿಣದ ಪುಡಿ.

ಐನೂರು ಕಿಲೋಮೀಟರು ಮೆಲ್ಲಗೆ ಪಳಗಿಸಿದ ಮೇಲೆ
ಒಂದು ಭಾನುವಾರ ಅರಸೀಕೆರೆ ರಸ್ತೆಗೆ ತಿರುಗಿಸಿದಳು.
ನಾನು ಬಾಗಿಲಲ್ಲಿ ನಿಂತು ಕಿವಿಯಲ್ಲೇ ಗೇರು ಎಣಿಸಿದೆ.
ಎರಡು. ಮೂರು. ಮೂರರಲ್ಲೊಮ್ಮೆ ಗಂಟಲು ಕಟ್ಟಿತು,
ಆಮೇಲೆ ಒಮ್ಮೆಲೇ ಬಾಯಿ ಬಿಟ್ಟಿತು. ನಾಲ್ಕು.

ಮರಳಿದಳು, ಹೆಲ್ಮೆಟ್ಟಿನಿಂದ ಜಡೆ ಬಿಡಿಸುತ್ತ,
ಗಾಳಿಗೆ ಕಣ್ಣೆಲ್ಲ ನೀರು.
“ಮೇಲೆ ಹುಚ್ಚು ಹಿಡಿದಂಗೆ ಹೋಗುತ್ತೆ. ಕೆಳಗೆ ಮಾತ್ರ
ಎಳೀತಿಲ್ಲ ಲೋಕಣ್ಣ. ಪೆಟ್ರೋಲಾ?”

“ಪೆಟ್ರೋಲಲ್ಲ,” ಅಂದೆ. “ನಾನು.”
ಹಲ್ಲು ಕಡಿಮೆಯ ಸ್ಪ್ರಾಕೆಟ್ಟಿಗಾಗಿ
ಡಬ್ಬಿಯೊಳಗೆ ಕೈ ಹಾಕಿದೆ.