ದನಿಯಿಲ್ಲದ ಗಟ್ಟಿ

ಗಣಿಯೊಳಗೆ ಬೆಳ್ಳಿ ಬೆಳ್ಳಗಿರುವುದಿಲ್ಲ.
ಮಸಿ ಹಿಡಿದ ಬಾಣಲೆಯ ಬಣ್ಣ. ಸೀಸದ ಜೊತೆ
ಒಂದೇ ಬಂಡೆಯಲ್ಲಿ, ಒಂದೇ ಹೊದಿಕೆಯಡಿ
ಅಕ್ಕತಂಗಿಯರ ಹಾಗೆ ಮಲಗಿರುತ್ತದೆ.
ಕೆಲ್ಲಾಗಿನ ನೆಲದಡಿ ನಾಲ್ಕು ಸಾವಿರ ಅಡಿ ಇಳಿದು
ಇಪ್ಪತ್ತಾರು ವರ್ಷ ಇಬ್ಬರನ್ನೂ ಅಗೆದು ತಂದವನು ನಾನು.
ರಾತ್ರಿ ಪಾಳಿ ಮುಗಿಸಿ ಮೇಲೆ ಬಂದರೆ
ಗುಡ್ಡದ ಹೆಗಲ ಮೇಲೆ ಇನ್ನೊಂದು ಬೆಳ್ಳಿ ಮೂಡಿರುತ್ತಿತ್ತು;
ಮುಟ್ಟಿ ನೋಡದೆ ನಂಬಿದ್ದು ಅದೊಂದನ್ನೇ.

ಗುರುವಾರ ಸಂಜೆ, ನಿವೃತ್ತ ಸೈನಿಕರ ಭವನದ ನೆಲಮಾಳಿಗೆ.
ಹಸಿರು ಬಟ್ಟೆ ಹಾಸಿದ ಮೇಜು, ಸುಟ್ಟ ಕಾಫಿ,
ಭೂತಗನ್ನಡಿ, ಕಾಂತದ ತುಂಡು, ಬಟ್ಟಲಲ್ಲಿ ಮಂಜುಗಡ್ಡೆ.
ಬೆಳ್ಳಿಯ ಮೇಲಿಟ್ಟರೆ ಮಂಜು
ಬಿಸಿಗಲ್ಲಿಗೆ ಬಿದ್ದಂತೆ ಕರಗಬೇಕು.
ಕಾಂತ ಅಂಟಬಾರದು, ಜಾರಬೇಕು, ಅದೂ ನಿಧಾನ,
ಒಲ್ಲದ ಮನಸ್ಸಿನಿಂದ ಹೊರಟ ನೆಂಟನ ಹಾಗೆ.
ಬೆರಳ ತುದಿಯಲ್ಲಿ ನಿಲ್ಲಿಸಿ ಪೆನ್ಸಿಲ್ಲಿನಿಂದ ತಟ್ಟಿದರೆ
ಹೊರಟ ದನಿ ಬಹಳ ಹೊತ್ತು ಮನೆಗೆ ಮರಳಬಾರದು.

ಇಷ್ಟೆಲ್ಲ ಪರೀಕ್ಷೆ ಹೊಸಬರಿಗೆ.
ನಾವು ನಾವೇ ಕೊಟ್ಟುಕೊಳ್ಳುವಾಗ ಯಾರೂ ತಟ್ಟುವುದಿಲ್ಲ.
ತಟ್ಟಿದರೆ ಬೆಳ್ಳಿಗಲ್ಲ, ಕೆನ್ನೆಗೇ ತಟ್ಟಿದ ಹಾಗೆ.

ಐನಾರ್ ಲುಂಡೀನ್ ಫೆಬ್ರವರಿಯಲ್ಲಿ ಹೋದ.
ಗಣಿಯಲ್ಲಿ ಮರದ ಕಂಬ ನಿಲ್ಲಿಸುತ್ತಿದ್ದವನು.
ಅವನು ನಿಲ್ಲಿಸಿದ ಕಂಬಗಳಡಿ ನಾನು
ಒಂದು ದಿನವೂ ತಟ್ಟಿ ನೋಡದೆ ನಿಂತಿದ್ದೇನೆ.
ಮಾರ್ಚ್ ತಿಂಗಳಲ್ಲಿ ವರ್ನಾ ಬಂದಳು,
ಮೀನಿನ ಗಾಳಗಳ ಹಳೆಯ ಡಬ್ಬಿಯನ್ನು
ಕಾರಿನ ಬ್ಯಾಟರಿಯ ಹಾಗೆ ಹೊಟ್ಟೆಗೊತ್ತಿ ಹೊತ್ತು.
"ಬೆಲೆ ಕಟ್ಟಿಕೊಡು ಲೆಲಂಡ್. ನೀನು ಹೇಳಿದ್ದೇ ಸರಿ."

ತಳದಲ್ಲಿತ್ತು ಹತ್ತು ಔನ್ಸಿನ ಗಟ್ಟಿ. ನಾನೇ ಮಾರಿದ್ದು.
ಸ್ಪೊಕೇನಿನ ಮೋಟೆಲೊಂದರ ಅಂಗಳದಲ್ಲಿ
ವಿಚ್ಛೇದನ, ತುರ್ತು ಎಂದ ಒಬ್ಬನಿಂದ ಐದು ಕೊಂಡಿದ್ದೆ.
ಒಂದನ್ನು ಕೊಂಡ ಬೆಲೆಗೇ ಐನಾರನಿಗೆ ಕೊಟ್ಟೆ,
ಗೆಳೆತನ ಎಂದುಕೊಂಡು.
ಸುತ್ತ ಒಂದು ಚೀಟಿ. ಒತ್ತಿ ಬರೆದ ಬಡಗಿಯ ಪೆನ್ಸಿಲ್ಲು:
ಹತ್ತು ಔನ್ಸ್. ಲೆಲಂಡನಿಂದ. ನವೆಂಬರ್ ಒಂಬತ್ತು.
ತೂಕ ಸರಿ. ದನಿಯಿಲ್ಲ.
ಅದರ ಕೆಳಗೆ, ಬೇರೆ ದಿನ ಬರೆದಂತೆ:
ಇರಲಿ.

ಹನ್ನೊಂದು ವರ್ಷ.
ಐನೂರಕ್ಕೂ ಮಿಕ್ಕಿ ಗುರುವಾರ ನನ್ನೆದುರು ಕೂತು ಕಾಫಿ ಕುಡಿದ.
ನನ್ನ ಮಾಡು ಸೋರಿದಾಗ ಏಣಿ ತಂದ.
ಬೇರೆಯವರು ಅನುಮಾನಪಟ್ಟು ತಂದ ನಾಣ್ಯವನ್ನು
"ಲೆಲಂಡನ ಕಿವಿಗೆ ಕೊಡಿ" ಎಂದು ನನ್ನತ್ತ ತಳ್ಳುತ್ತಿದ್ದ.
ಆಗ ಅವನ ತುಟಿಯ ಮೂಲೆ ಹೇಗಿತ್ತು?
ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಗಡ್ಡವಿತ್ತು. ಕಾಣುತ್ತಿರಲಿಲ್ಲ.

ಮಂಜು ಇಡಲಿಲ್ಲ. ಕಾಂತ ಮುಟ್ಟಲಿಲ್ಲ.
ವರ್ನಾ ಕೋಟಿನ ಗುಂಡಿ ಹಾಕುತ್ತಿದ್ದಾಗ
ಉಗುರಿನಿಂದ ಒಮ್ಮೆ, ಮೆಲ್ಲಗೆ.
ಒದ್ದೆ ಮರಕ್ಕೆ ಬಡಿದಂತೆ ಟಪ್ಪೆಂದಿತು.
ಅಕ್ಕನ ಅಂಗಿ ತೊಟ್ಟ ತಂಗಿ.
ಇಪ್ಪತ್ತಾರು ವರ್ಷ ಒಡನಾಡಿಯೂ ಗುರುತು ಸಿಕ್ಕಿರಲಿಲ್ಲ.

ಅಂದಿನ ದರಕ್ಕೆ, ಔನ್ಸಿಗೆ ಔನ್ಸು, ನಾನೇ ಕೊಂಡೆ.
ಇದೂ ಸುಳ್ಳೇ; ತೂಕ ಸರಿಯಿದ್ದ ಸುಳ್ಳು.
ವರ್ನಾ ನೋಟು ಎಣಿಸಲಿಲ್ಲ. ಮೆಟ್ಟಿಲ ಬಳಿ ತಿರುಗಿ,
"ಅದೊಂದನ್ನು ಲೆಲಂಡ್ ತಾನೇ ಇಟ್ಟುಕೊಳ್ತಾನೆ, ನೋಡ್ತಿರು,
ಅಂತ ಐನಾರ್ ಹೇಳಿದ್ದ" ಎಂದಳು.
ಅಷ್ಟೇ. ಮೇಲೆ ಬಾಗಿಲು ಮುಚ್ಚಿಕೊಂಡಿತು.

ಪಿಕಪ್ಪಿನ ಗಾಜಿನ ಮೇಲೆ ಹಿಮ. ಎಂಜಿನ್ ಹಚ್ಚಿ ಕೂತೆ.
ಉಳಿದ ನಾಲ್ಕರಲ್ಲಿ ಎರಡು ಮನೆಯಲ್ಲಿವೆ, ಮೊಳೆಗಳ ಡಬ್ಬಿಯಲ್ಲಿ.
ಒಂದು ಮಾರ್ವಿನನ ಬಳಿ. ಇನ್ನೊಂದು
ಮಗಳ ಮದುವೆಗೆಂದು ಡೆಲ್ರಾಯ್ ಕೊಂಡದ್ದು.
ಅವರಿನ್ನೂ ಕೆಳಗಿದ್ದಾರೆ, ನೆಲಮಟ್ಟದ ಕಿಟಕಿಯಲ್ಲಿ ಬೆಳಕು.
ಇಬ್ಬರೂ ನನ್ನೊಡನೆ ನಗುನಗುತ್ತಲೇ ಮಾತಾಡುತ್ತಾರೆ.

ಗಾಜಿನ ಮೇಲಿನ ಹಿಮ ಕರಗುವುದನ್ನೇ ನೋಡುತ್ತಿದ್ದೇನೆ.
ನಿಧಾನ. ತೀರಾ ನಿಧಾನ.