ನಿವೇಶನಕ್ಕೆ ತೆರಳಿ ಪ್ರಯತ್ನಿಸಿ

ಮೂರನೆಯ ಸಲವೂ ಫೋನು ಒಪ್ಪಲಿಲ್ಲ.
ಶೇವಂತಿ ತಾಂಡೇಲಳ ಮನೆಯ ಕೆಂಪು ಚುಕ್ಕೆ
ಕಾಳಿ ಹೊಳೆಯೊಳಗೆ, ಸರಿಯಾಗಿ ಸೆಳವಿನ ಮೇಲೆ,
ಅಲುಗದೆ ನಿಂತಿತ್ತು.
ನೀಲಿ ಚುಕ್ಕೆಯಾದ ನಾನು ಇತ್ತ ಕಿನ್ನರದ ದಿಬ್ಬದಲ್ಲಿ
ಚಿರೆಕಲ್ಲಿನ ಧೂಳು ಮೆತ್ತಿದ ಚಪ್ಪಲಿಯಲ್ಲಿ
ಅವಳ ಪಾಯದ ಮೇಲೇ ಇದ್ದೆ.

"ನೀವು ಎಂಬತ್ತಾರು ಮೀಟರ್ ದೂರದಲ್ಲಿದ್ದೀರಿ.
ನಿವೇಶನಕ್ಕೆ ತೆರಳಿ ಪ್ರಯತ್ನಿಸಿ."
ಹೊಳೆಗೆ ಹಾರು ಎಂಬುದನ್ನು ಸರ್ಕಾರ
ಇಷ್ಟು ಮರ್ಯಾದೆಯಿಂದ ಹೇಳಿದ್ದು ಇದೇ ಮೊದಲು.

ಸಾಂತಾನ ಮೇಸ್ತ್ರಿ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ತೂಗುಗುಂಡು ಇಳಿಬಿಟ್ಟ.
ಗಾಳಿಗೆ ಎರಡು ಸಲ ಓಲಾಡಿ, ನಿಂತಿತು.
"ಭೂಮಿ ಯಾವ ಕಡೆಗುಂಟು ಅಂತ
ಇದಕ್ಕೆ ಸಿಗ್ನಲ್ ಬೇಡ ನೋಡಿ," ಅಂದ.

ನಗುವ ಹಾಗಿರಲಿಲ್ಲ ನಾನು.
ಪಂಚಾಯ್ತಿಯ ಕಿರಿಯ ಇಂಜಿನಿಯರು, ಅದೂ ಗುತ್ತಿಗೆಯವಳು.
ಪಾಯ, ಲಿಂಟಲ್ಲು, ಚಾವಣಿ,
ಹಂತಕ್ಕೊಂದು ಫೋಟೋ, ಫೋಟೋಕ್ಕೊಂದು ಕಂತು.
ಯಜಮಾನಿ ಮುಂದೆ ನಿಂತು
ಒಮ್ಮೆ ಕಣ್ಣು ಮಿಟುಕಿಸಬೇಕು,
ಜೀವಂತ ಇದ್ದಾಳೆಂದು ಯಂತ್ರಕ್ಕೆ ಖಾತ್ರಿಯಾಗಲು.

ಇದನ್ನೆಲ್ಲ ಬೈಯಲು ನನಗೆ ಬಾಯಿಲ್ಲ.
ಕಾಗದದ ಕಾಲದ ಕಡತಗಳನ್ನು ನಾನೇ ಬಿಚ್ಚಿದ್ದೇನೆ:
ಅದೇ ಗೋಡೆ, ಅದೇ ಬಿರುಕು, ಅದೇ ಒಣಹಾಕಿದ ಬಲೆ,
ನಾಲ್ಕು ಹೆಸರಲ್ಲಿ ನಾಲ್ಕು ಮನೆಯಾಗಿ ಬಿಲ್ಲಾಗಿತ್ತು.
ಅದರಲ್ಲೊಂದು ಹೆಸರು ಶೇವಂತಿಯ ಅತ್ತೆಯದು.
ಕಟ್ಟದೇ ಉಳಿದ ಆ ಮನೆಯಲ್ಲಿ
ದಾಖಲೆಯ ಪ್ರಕಾರ ಅವಳು
ಹನ್ನೊಂದು ವರ್ಷ ವಾಸವಿದ್ದಳು.

ಅದಕ್ಕೇ ಮತ್ತೆ ಫೋನನ್ನು ಆಕಾಶಕ್ಕೆ ಹಿಡಿದೆ.
ತೆಂಗಿನ ನೆರಳು ತಪ್ಪಿಸಿ ನಿಂತೆ.
ಹದಿನಾಲ್ಕು ಉಪಗ್ರಹ ಸಿಕ್ಕವು.
ಕೆಂಪು ಚುಕ್ಕೆ ಹೊಳೆ ಬಿಟ್ಟು ಬರಲಿಲ್ಲ.

ಅಷ್ಟರಲ್ಲಿ ಶೇವಂತಿ ಬಂದಳು,
ತಿಸರಿ ಆಯ್ದ ಬುಟ್ಟಿ ಇಳಿಸಿ, ಕೈ ಸೆರಗಿಗೆ ಒರೆಸಿ
ಪರದೆಯೊಳಗೆ ಇಣುಕಿದಳು.
"ಅದು ಸರೀನೇ ಉಂಟಲ್ಲ ಬಾಯಿ.
ಮನೆ ಇದ್ದದ್ದು ಅಲ್ಲೇ.
ಸರ್ವೆಯ ಹುಡುಗ ಬಾಗಿಲಲ್ಲಿ ನಿಂತು ಒತ್ತಿದ್ದ,
ನಾನೇ ಸೋಲ್ಕಡಿ ಕೊಟ್ಟಿದ್ದೆ.
ಆ ಮಳೆಗಾಲವೇ ಅಲ್ಲವೋ ಮೇಲೆ ಗೇಟು ತೆಗೆದದ್ದು."

ಬಾಗಿಲು ಹೋಯಿತು, ದಂಡೆ ಹೋಯಿತು.
ಒತ್ತಿದ್ದು ಹೋಗಿರಲಿಲ್ಲ.
ಆ ಹೊಸ್ತಿಲು ಎಲ್ಲಿತ್ತೆಂದು ಅಳತೆ ಸಮೇತ
ಇನ್ನೂ ನೆನಪಿಟ್ಟುಕೊಂಡವರು ಇಬ್ಬರು:
ಇವಳು, ಮತ್ತೆ
ಎಲ್ಲೋ ತಣ್ಣನೆಯ ಕೋಣೆಯಲ್ಲಿ ಗುಂಯ್ಗುಡುವ ಒಂದು ಸರ್ವರು.

ತಿದ್ದಲು ಸಾಹೇಬರ ಒಟಿಪಿ ಬೇಕು.
ಸಾಹೇಬರು ಕಾರವಾರದಲ್ಲಿ,
'ಡಿಜಿಟಲ್ ನಿರ್ಮಾಣ' ಬ್ಯಾನರಿನ ಕೆಳಗೆ ಸಭೆಯಲ್ಲಿ,
ಫೋನು ಸೈಲೆಂಟು.
ಊಟದ ಹೊತ್ತಿಗೆ ಎತ್ತಿದರು. ಪಾಪ, ಕೂಡಲೇ ಕೊಟ್ಟರು.
ಆರು ಅಂಕಿ, ಹತ್ತು ನಿಮಿಷದ ಆಯುಷ್ಯ.

"ಹಳೆಯ ಸ್ಥಳವನ್ನು ಅಳಿಸಬಹುದೇ?"

ಹೌದು ಒತ್ತಲು ಹೋದವಳ ಮಣಿಕಟ್ಟು ಹಿಡಿದಳು.
"ಚೂರು ತಡಿ."
ಉಪ್ಪುನೀರಿಗೆ ಸುಕ್ಕಿದ ಎರಡು ಬೆರಳಲ್ಲಿ
ನಕ್ಷೆಯನ್ನು ಹಿಗ್ಗಿಸಿದಳು, ಮತ್ತೂ ಹಿಗ್ಗಿಸಿದಳು,
ಬರೀ ನೀಲಿ ತುಂಬುವವರೆಗೆ.
"ಒಲೆ ಇಲ್ಲಿ," ಅಂದಳು.
"ಕೋಳಿಗೂಡು ಇಲ್ಲಿ. ಇಲ್ಲಿ ಒಂದು ಅಬ್ಬಲಿಗೆ ಗಿಡ,
ಅದರ ಹೂ ಮಾತ್ರ ಚಂದ ಇರ್ಲಿಲ್ಲ."
ಒಂಬತ್ತನೆಯ ನಿಮಿಷ ಮುಗಿಯುತ್ತಿತ್ತು.
ನಾನು ಹೇಳಲಿಲ್ಲ. ಅವಳೇ ಒತ್ತಿದಳು.

ಆಮೇಲೆ ಸೆರಗು ಸರಿಮಾಡಿಕೊಂಡು ಪಾಯದ ಮೇಲೆ ನಿಂತಳು.
"ಕಣ್ಣು ಮಿಟುಕಿಸಿ," ಅಂದಿತು ಫೋನು.
ಅವಳು ನನ್ನ ಹೆಗಲಾಚೆ ಹೊಳೆಯನ್ನೇ
ಎವೆಯಿಕ್ಕದೆ ನೋಡುತ್ತಿದ್ದಳು.
"ಕಣ್ಣು ಮಿಟುಕಿಸಿ."
"ಕಣ್ಣು ಮಿಟುಕಿಸಿ."

"ಅಗೋ ಶೇವಂತೀ," ಸಾಂತಾನ ಕೂಗಿದ,
"ನೀರು ಹಾಕಿಯಾಯ್ತು. ಸಿಮೆಂಟು ಕಾಯೂದಿಲ್ಲ ಮಾರಾಯ್ತಿ."

ಮಿಟುಕಿಸಿದಳು.