ಹೂಂ

ಸಂಜೆ ಅರಸೀಕೆರೆಯಲ್ಲಿ ಮೂರು ಸಲ ಕರೆಂಟು ಹೋಗಿ ಬಂತು.
ನಾಲ್ಕನೇ ಸಲ ಬಂದದ್ದು ಬಲ್ಬಿಗೆ, ಎದುರಿನ ಹಿಟ್ಟಿನ ಗಿರಣಿಗೆ;
ಸ್ಟುಡಿಯೋ ಮೇಜಿನಡಿಯ ಪೆಟ್ಟಿಗೆಗೆ ಅಲ್ಲ.

ಹಸಿರು ದೀಪವಿದೆ, ಫ್ಯಾನು ತಿರುಗುತ್ತಿದೆ,
ಮಾತಿಲ್ಲ.
ಒಳಗೆ ಹನ್ನೊಂದು ವರ್ಷದ ಊರ ಮದುವೆಗಳು:
ಧಾರೆ, ನಿಖಾ, ಬೀಗರೂಟ,
ಆಮೇಲೆ ಬಿಟ್ಟುಕೊಂಡವರದೂ.

ರ‍್ಯಾಮ್ ಕಿತ್ತು ಮಗಳ ರಬ್ಬರಿನಲ್ಲಿ ಉಜ್ಜಿದೆ.
ಡಿಸ್ಕುಗಳಿಗೆ ಒಂದೊಂದಾಗಿ ಕಿವಿಯಿಟ್ಟೆ.
ಹುಳಿಯಾರು ರಸ್ತೆಯ ನಾಗಭೂಷಣ ಫೋನಿನಲ್ಲೇ "ಹೋಗಿದೆ" ಅಂದ.
ಆಲ್ಬಮ್ಮಿಗೆ ಬಂದು ಕೂತಿದ್ದ ಮಾಡಾಳಿನ ಹಾಲಮ್ಮ
ಎಲೆಗೆ ಸುಣ್ಣ ಸವರುತ್ತ
"ಅದಕ್ಕೂ ದೃಷ್ಟಿ ತೆಗೀರಿ" ಅಂದಳು.
ತೆಗೆಯಲಿಲ್ಲ ಅನ್ನಲಾರೆ.

ಮೂರನೇ ದಿನ ಮನೆಯ ಟಿವಿ ಹೊತ್ತು ತಂದು ಸಿಕ್ಕಿಸಿದರೆ
ಕಪ್ಪು ಪರದೆ, ಒಂದೇ ಸಾಲು:
ಕೀಬೋರ್ಡ್ ಇಲ್ಲ. ಮುಂದುವರಿಯಲು ಎಫ್ ಒನ್ ಒತ್ತಿ.

ಮೂರು ದಿನ ಇದೇ ಸಾಲು ಹಿಡಿದು ಕೂತಿತ್ತು
ಕತ್ತಲಲ್ಲಿ, ಯಾರಿಗೂ ಕಾಣದೆ.
ಕತೆ ಹೇಳುವಾಗ ಮಗಳು ಹೂಂ ಅನ್ನದಿದ್ದರೆ
ನಾನೂ ಹೀಗೇ ನಿಲ್ಲುವುದು,
ನರಿ ಬಾವಿಗೆ ಬಗ್ಗಿದಲ್ಲೇ.

ಪಕ್ಕದ ಟೈಪಿಂಗ್ ಅಂಗಡಿಯ ಮುಬೀನಾ ಕೊಟ್ಟಳು
ಅಕ್ಷರ ಸವೆದ ಕೀಬೋರ್ಡು.
ಅಂದಾಜಿನ ಮೇಲೆ ಒತ್ತಿದೆ.
ಹೂಂ.

ಎದ್ದಿತು. ತಾರೀಖು ಮಾತ್ರ ಎರಡು ಸಾವಿರದ ಒಂಬತ್ತು.
ಬಿಲ್ಲೆ ಬ್ಯಾಟರಿ ಸತ್ತಿದೆ, ನಲವತ್ತು ರೂಪಾಯಿ.
ಹಾಲಮ್ಮ, ಬನ್ನಿ,
ನಿಮ್ಮ ಸೊಸೆ ಇನ್ನೂ ಹೊಸ್ತಿಲಲ್ಲಿ ಸೇರು ಒದೆಯುತ್ತಿದ್ದಾಳೆ.